ಲಂಕೆಗೆ ಹೊರಡುವ ಮುನ್ನ

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಕಂಡು ಬೆಳೆದ ನಮ್ಮ ಕಡೆಯವರಿಗೆ ಲಂಕೆಯೆಂಬುದು ಹೊಸ ಹೆಸರೇನಲ್ಲ. ರಾತ್ರಿಯಿಡೀ ಮೆರೆದ ರಾವಣ ಬೆಳಗಿನ ಜಾವಕ್ಕೆ ಮಡಿಯುವ ತನಕ ಚಾಪೆಯ ಮೇಲೆ ಕುಳಿತು ನೋಡಿದ ಲಂಕೆ ಅದು. ಆಮೇಲೆ ರೇಡಿಯೋ ಬಂತು. 1952ರಲ್ಲಿ ಮೊದಲಾದ ಬಿನಾಕಾ ಗೀತಮಾಲಾವನ್ನು ಬುಧವಾರ ರಾತ್ರಿ ಸಿಲೋನ್ ನಿಲಯದಿಂದ ಕೇಳಲು ರೇಡಿಯೋ ಇದ್ದ ಮನೆಯ ಜಗಲಿಯಲ್ಲಿ ನೆರೆಕರೆಯವರೆಲ್ಲ ಸೇರುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಇತ್ತೀಚೆಗೆ ಲಂಕೆಯ ಹೆಸರು ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಅಡಿಕೆಯ ಧಾರಣೆ ಇಳಿದಾಗ, ಆಮದಿನ ಮಾತು ಬಂದಾಗ.

ಹೆಸರು ಇಷ್ಟು ಹತ್ತಿರದ್ದಾದರೂ ದೇಶವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕಡಿಮೆ. ದುಬಾಯಿಗೆ, ಮಸ್ಕತ್ತಿಗೆ ದುಡಿಯಲು ಹೋದವರು ಊರೂರಿನಲ್ಲಿದ್ದಾರೆ; ನೋಡಲೆಂದು ಲಂಕೆಗೆ ಹೋದವರನ್ನು ಹುಡುಕಬೇಕು. ಈ ಬಾರಿ ನಾವು ಮೂರು ಮನೆಯವರು ಸೇರಿ ಹೋಗುವುದೆಂದು ನಿಶ್ಚಯಿಸಿ, ಕಾಗದ, ಪೆನ್ಸಿಲು, ಭೂಪಟ ಹಿಡಿದು ಕುಳಿತೆವು. ಆ ಲೆಕ್ಕಾಚಾರದಲ್ಲಿ ತಿಳಿದ ಸಂಗತಿಗಳು ಇತರರಿಗೂ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆದಿದ್ದೇವೆ.

ಮೊದಲು ಮಳೆಯ ಲೆಕ್ಕ

ಲಂಕೆಯ ವಿಸ್ತೀರ್ಣ 65,610 ಚದರ ಕಿಲೋಮೀಟರು. ಕರ್ನಾಟಕದ ಸುಮಾರು ಮೂರರಲ್ಲೊಂದು ಪಾಲು. ಎರಡು ಕೇರಳಕ್ಕೆ ಕಡಿಮೆ. ಉತ್ತರದಿಂದ ದಕ್ಷಿಣದ ತುದಿಗೆ ಸುಮಾರು 430 ಕಿಲೋಮೀಟರು, ಅಂದರೆ ಕಾಸರಗೋಡಿನಿಂದ ತಿರುವನಂತಪುರಕ್ಕಿರುವಷ್ಟೂ ದೂರವಿಲ್ಲ. ಇಷ್ಟು ಸಣ್ಣ ದೇಶವಲ್ಲವೆ, ಯಾವಾಗ ಹೋದರೂ ಆದೀತು ಎಂದುಕೊಳ್ಳುವುದೇ ಮೊದಲ ತಪ್ಪು.

ಆ ದ್ವೀಪದ ನಡುವೆ ಬೆಟ್ಟಗಳಿವೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಸುರಿಯುವ ಅದೇ ನೈಋತ್ಯ ಮಾರುತ ಅಲ್ಲಿಯ ಪಶ್ಚಿಮ, ದಕ್ಷಿಣ ಕರಾವಳಿಯನ್ನೂ ಬೆಟ್ಟದ ಪಶ್ಚಿಮದ ಮೈಯನ್ನೂ ತೋಯಿಸುತ್ತದೆ. ಆ ಹೊತ್ತಿಗೆ ಪೂರ್ವದ ತ್ರಿಂಕೋಮಲೆಯಲ್ಲಿ ಬಿಸಿಲು, ಶಾಂತವಾದ ಕಡಲು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಈಶಾನ್ಯ ಮಾರುತದ ಕಾಲದಲ್ಲಿ ಇದು ತಿರುವುಮುರುವು. ನಡುವಿನ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಎಲ್ಲ ಕಡೆಯೂ ಮಳೆ. ಚಂಡಮಾರುತದ ಭಯ ಬೇರೆ. 2025ರ ನವೆಂಬರ್ ಕೊನೆಯಲ್ಲಿ ದಿಟ್ವಾ ಎಂಬ ಚಂಡಮಾರುತ ಬೀಸಿ, ನೆರೆ ಮತ್ತು ಭೂಕುಸಿತಗಳಿಂದ ನೂರಾರು ಮಂದಿ ಸತ್ತರು. ಬೆಟ್ಟದ ರೈಲು ಮಾರ್ಗಕ್ಕೂ ಭಾರಿ ಹಾನಿಯಾಯಿತು. ಆದ್ದರಿಂದ ಆ ಮಾರ್ಗದಲ್ಲಿ ಗಾಡಿ ಎಲ್ಲಿಂದ ಎಲ್ಲಿಯ ತನಕ ಓಡುತ್ತದೆಂದು ವಿಚಾರಿಸಿಯೇ ಮುಂದಿನ ಯೋಜನೆ ಹಾಕಬೇಕು.

ರಜೆಗೆ ತಕ್ಕ ದಾರಿ

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ವರ್ಷದಲ್ಲಿ ಮೂರೇ ಅವಕಾಶ. ಕ್ರಿಸ್ಮಸ್ ರಜೆಯಲ್ಲಿ ಹೋಗುವುದಾದರೆ ಕೊಲಂಬೊ, ಗಾಲೆ, ಕ್ಯಾಂಡಿಗಳಿಗೆ ಸೀಮಿತವಾಗುವುದು ಒಳ್ಳೆಯದು. ಪೂರ್ವ ಕರಾವಳಿ ಆಗ ಮಳೆಯಲ್ಲಿರುತ್ತದೆ. ಓಣಂ ರಜೆಯಾದರೆ ತ್ರಿಂಕೋಮಲೆ ಚೆನ್ನ. ಓಣಂ ಬೇಗ ಬಂದ ವರ್ಷ ಜಾಫ್ನಾದ ನಲ್ಲೂರು ಕಂದಸ್ವಾಮಿ ದೇವಸ್ಥಾನದ 25 ದಿನಗಳ ಉತ್ಸವವೋ ಕ್ಯಾಂಡಿಯ ಪೆರಹೆರ ಮೆರವಣಿಗೆಯೋ ಸಿಕ್ಕಿದರೂ ಸಿಕ್ಕೀತು.

ಮೂರನೆಯದು ಬೇಸಗೆ ರಜೆ. ದಿನಗಳು ಹೆಚ್ಚು ಸಿಗುವುದು ಇದರಲ್ಲೇ. ಆದರೆ ಇಲ್ಲೊಂದು ತೊಡಕಿದೆ. ನಮಗೆ ಬಿಸು ಬರುವ ಹೊತ್ತಿಗೇ ಸಿಂಹಳರಿಗೂ ತಮಿಳರಿಗೂ ಹೊಸ ವರ್ಷ. ಏಪ್ರಿಲ್ 13, 14ರಂದು ಕೊಲಂಬೊ ನಗರ ಬರಿದಾಗುತ್ತದೆ. ಅಂಗಡಿಗಳು ಮುಚ್ಚುತ್ತವೆ, ಊರಿಗೆ ಹೋಗುವವರಿಂದ ಬಸ್ಸು ರೈಲುಗಳು ತುಂಬುತ್ತವೆ. ಸಿಂಹಳರ ಮನೆಗಳಲ್ಲಿ ಹಳೆಯ ವರ್ಷಕ್ಕೂ ಹೊಸ ವರ್ಷಕ್ಕೂ ನಡುವೆ ಕೆಲವು ಗಂಟೆ ಒಲೆ ಹೊತ್ತಿಸುವುದಿಲ್ಲ, ಕೆಲಸ ಮಾಡುವುದಿಲ್ಲ. ಮುಹೂರ್ತ ನೋಡಿ ಒಲೆ ಹಚ್ಚುತ್ತಾರೆ. ಅದೇ ದಿನಗಳಲ್ಲಿ ಬೆಟ್ಟದ ಮೇಲಿನ ನುವರ ಎಳಿಯಕ್ಕೆ ಉಳ್ಳವರೆಲ್ಲ ಏರುವುದರಿಂದ ಕೋಣೆಗಳ ಬಾಡಿಗೆಯೂ ಏರುತ್ತದೆ. ಬಿಸು ಕಣಿಯನ್ನು ಮನೆಯಲ್ಲೇ ಕಂಡು, ನಾಲ್ಕೈದು ದಿನ ಬಿಟ್ಟು ಹೊರಡುವುದೆಂದು ನಾವು ಗುರುತು ಹಾಕಿಕೊಂಡೆವು. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದರೂ ಬೆಳಗ್ಗೆ ತಿರುಗಾಡಲು ಅಡ್ಡಿಯಿಲ್ಲ.

ಹುಣ್ಣಿಮೆಯನ್ನೂ ಪಂಚಾಂಗದಲ್ಲಿ ನೋಡಿಟ್ಟುಕೊಳ್ಳಬೇಕು. ಪ್ರತಿ ಹುಣ್ಣಿಮೆ ಅಲ್ಲಿ ಪೋಯ ಎಂಬ ಸರಕಾರಿ ರಜೆ. ಕಚೇರಿ, ಬ್ಯಾಂಕುಗಳಿಲ್ಲ, ಬಿಳಿ ಉಡುಗೆ ತೊಟ್ಟು ವಿಹಾರಗಳಿಗೆ ಹೋಗುವವರಿಂದ ರಸ್ತೆ ತುಂಬಿರುತ್ತದೆ.

ಎರಡು ಬಾಗಿಲು

ಪ್ರವಾಸ ಕಂಪನಿಗಳ ಪಟ್ಟಿ ನೋಡಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ: ಕೊಲಂಬೊ, ಕ್ಯಾಂಡಿ, ನುವರ ಎಳಿಯ, ಬೆಂತೋಟದ ಕಡಲ ತೀರ, ಮತ್ತೆ ಕೊಲಂಬೊ. ಐದು ರಾತ್ರಿ, ಆರು ಹಗಲು. ಉತ್ತರದ ಜಾಫ್ನಾ ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮೊಳಗೂ ಇದರ ಮೇಲೆ ಚರ್ಚೆಯಾಯಿತು. "ಜಾಫ್ನಾ ಯಾಕೆ ಭಾವ, ಯುದ್ಧ ಆದ ಊರು. ಆ ಎರಡು ದಿನ ಬೆಂತೋಟದಲ್ಲಿ ಮಕ್ಕಳು ನೀರಾಟ ಆಡಲಿ" ಎಂದು ಒಬ್ಬರು. "ಕಡಲು ನೋಡಲಿಕ್ಕೆ ಅಷ್ಟು ದೂರ ಹೋಗಬೇಕಾ? ಬೇಕಲದಲ್ಲಿ ಇರುವುದು ಕಡಲಲ್ಲವಾ?" ಎಂದು ಮನೆಯ ಅಜ್ಜಿ. ನಕ್ಕೆವು, ಆದರೆ ಮಾತು ಅಲ್ಲಿಗೇ ಮುಗಿಯಲಿಲ್ಲ. ಜಾಫ್ನಾವನ್ನು ಉಳಿಸಿಕೊಳ್ಳುವುದೆಂದು ಕೊನೆಗೆ ತೀರ್ಮಾನಿಸಿದ್ದೇಕೆಂದು ಮುಂದೆ ಹೇಳುತ್ತೇವೆ.

ಉಳಿಸಿಕೊಂಡದ್ದರಿಂದ ದಾರಿಗೂ ಅನುಕೂಲವಾಯಿತು. ಕೊಚ್ಚಿಯಿಂದಲೋ ಬೆಂಗಳೂರಿನಿಂದಲೋ ವಿಮಾನದಲ್ಲಿ ಕೊಲಂಬೊಕ್ಕೆ ಹೋಗಿ ಇಳಿಯುವುದು. ದಕ್ಷಿಣದಿಂದ ಉತ್ತರಕ್ಕೆ ನೋಡುತ್ತ ಹೋಗಿ ಜಾಫ್ನಾದಿಂದ ಚೆನ್ನೈಗೆ ವಿಮಾನ ಹತ್ತುವುದು. ಚೆನ್ನೈಯಿಂದ ಮಂಗಳೂರು ಕಡೆಯ ರೈಲು ಹಿಡಿದರೆ ಕಾಸರಗೋಡು. ಬಂದ ದಾರಿಯಲ್ಲೇ ಹಿಂತಿರುಗುವ ಒಂದು ದಿನ ಉಳಿಯಿತು. ಜಾಫ್ನಾದ ವಿಮಾನ ನಿಲ್ದಾಣ ಅಂತರರಾಷ್ಟ್ರೀಯ ಸಂಚಾರಕ್ಕೆ ತೆರೆದುದು 2019ರಲ್ಲಿ. ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸನ್‌ತುರೈಗೆ ಹಡಗಿನ ಸಂಚಾರವೂ 2023ರ ಅಕ್ಟೋಬರಿನಲ್ಲಿ ಆರಂಭವಾಯಿತು. ಆದರೆ ಹವೆ ಕೆಟ್ಟರೆ ಹಡಗು ನಿಲ್ಲುತ್ತದೆ. 1914ರಲ್ಲಿ ಮದರಾಸಿನಿಂದ ಧನುಷ್ಕೋಡಿಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೊಕ್ಕೆ ರೈಲು ಎಂಬ ಸೌಕರ್ಯವಿತ್ತು. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಡಿಯನ್ನೇ ನುಂಗಿತು.

ನಗರ ಮತ್ತು ಕರಾವಳಿ

ನಾವು ಹಾಕಿದ ಯೋಜನೆ ಹನ್ನೆರಡು ದಿನಗಳದು. ಮೊದಲ ದಿನ ಕೊಲಂಬೊ. ಪೇಟ್ಟ ಎಂಬ ಹಳೆಯ ಸಂತೆಬೀದಿ, ಕೆಂಪು ಬಿಳಿ ಪಟ್ಟೆಗಳ ಮಸೀದಿ, ಸಂಜೆ ಕಡಲ ಬದಿಯ ಗಾಲೆ ಫೇಸ್ ಮೈದಾನ. ಈ ಮೈದಾನದ ಬಳಿಯ ಹಳೆಯ ಕಟ್ಟಡದಲ್ಲೇ ಹಿಂದೆ ಪಾರ್ಲಿಮೆಂಟ್ ಇತ್ತು. 1982ರಿಂದ ಅದು ಕೋಟ್ಟೆಯಲ್ಲಿದೆ. 1956ರ ಜೂನ್ 5ರಂದು, ಸಿಂಹಳವೊಂದೇ ರಾಜ್ಯಭಾಷೆ ಎಂಬ ಮಸೂದೆ ಒಳಗೆ ಮಂಡನೆಯಾಗುವಾಗ, ಎಸ್.ಜೆ.ವಿ. ಚೆಲ್ವನಾಯಗಂ ಅವರ ನೇತೃತ್ವದಲ್ಲಿ ತಮಿಳರು ಇದೇ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕುಳಿತರು. ಗುಂಪುಗಳು ಬಂದು ಅವರನ್ನು ಹೊಡೆದವು. 2022ರಲ್ಲಿ ಅನ್ನ, ಇಂಧನ, ಔಷಧಿಗಳಿಗೆ ದೇಶವೇ ಪರದಾಡಿದಾಗ, ಇದೇ ಮೈದಾನದಲ್ಲಿ ಸಿಂಹಳರು, ತಮಿಳರು, ಮುಸಲ್ಮಾನರು ಒಟ್ಟಿಗೆ ಡೇರೆ ಹಾಕಿ ಕುಳಿತರು. ಜುಲೈಯಲ್ಲಿ ಅಧ್ಯಕ್ಷರು ದೇಶ ಬಿಟ್ಟು ಹೋದರು. ಸಂಜೆಯ ಗಾಳಿ ಸೇವಿಸುವ ಜಾಗವೆಂದು ಮಾತ್ರ ಇದನ್ನು ನೋಡಿ ಬರುವುದು ನ್ಯಾಯವಲ್ಲ.

ಎರಡನೆಯ, ಮೂರನೆಯ ದಿನ ಗಾಲೆ. ಕೊಲಂಬೊದಿಂದ ಕಡಲಿಗೆ ಅಂಟಿಕೊಂಡೇ ಹೋಗುವ ರೈಲು. ಬಲಗಡೆಯ ಕಿಟಕಿ ಹಿಡಿದರೆ ದಾರಿಯುದ್ದಕ್ಕೂ ಅಲೆ. ಈ ದಾರಿಯ ಪೆರಲಿಯದಲ್ಲಿ 2004ರ ಡಿಸೆಂಬರ್ 26ರಂದು ಸುನಾಮಿ ಅಲೆ ರೈಲುಗಾಡಿಯನ್ನೇ ಹೊತ್ತೊಯ್ದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಸ್ಮಾರಕವಿದೆ. ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಮೀನು ಹೆಕ್ಕಲು ಹೋಗದೆ ಎತ್ತರಕ್ಕೆ ಓಡಬೇಕೆಂದು ಕಡಲ ತಡಿಯ ನಮ್ಮ ಮಕ್ಕಳಿಗೂ ಹೇಳಿಕೊಡಲು ಅದಕ್ಕಿಂತ ತಕ್ಕ ಜಾಗ ಬೇರೆಯಿಲ್ಲ. ಗಾಲೆಯ ಕೋಟೆ ಪೋರ್ಚುಗೀಸರು ಕಟ್ಟಲು ತೊಡಗಿ, 1640ರಲ್ಲಿ ವಶಪಡಿಸಿಕೊಂಡ ಡಚ್ಚರು ಬೆಳೆಸಿ, ಆಮೇಲೆ ಇಂಗ್ಲಿಷರ ಕೈಸೇರಿದ್ದು. ಬೇಕಲದ ಕೋಟೆಯೊಳಗೆ ಊರಿಲ್ಲ; ಇಲ್ಲಿ ಕೋಟೆಯೊಳಗೆ ಮನೆ, ಮಸೀದಿ, ಇಗರ್ಜಿ, ಶಾಲೆಗಳಿದ್ದು ಜನ ವಾಸವಾಗಿದ್ದಾರೆ.

ಬೆಟ್ಟ, ಚಹಾ ತೋಟ, ಕೆರೆ

ನಾಲ್ಕರಿಂದ ಏಳರವರೆಗೆ ಕ್ಯಾಂಡಿ ಮತ್ತು ಬೆಟ್ಟಸೀಮೆ. ಕ್ಯಾಂಡಿಯನ್ನು ಸಿಂಹಳರು ಮಹನುವರ ಎನ್ನುತ್ತಾರೆ. ಇಂಗ್ಲಿಷರ ಕೈಗೆ ಕೊನೆಗೆ ಸಿಕ್ಕಿದ ರಾಜ್ಯ ಇದು, 1815ರಲ್ಲಿ. ಕೊನೆಯ ಅರಸ ಶ್ರೀವಿಕ್ರಮ ರಾಜಸಿಂಹ ನಾಯಕ್ಕರ್ ವಂಶದವನು. ಅವನನ್ನು ಸೆರೆಹಿಡಿದು ತಂದಿಟ್ಟದ್ದು ನಮ್ಮ ವೇಲೂರಿನಲ್ಲಿ. ಬುದ್ಧನ ದಂತಧಾತುವಿರುವ ಮಂದಿರ ಇಲ್ಲಿಯ ಮುಖ್ಯ ಕ್ಷೇತ್ರ. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ದೊಡ್ಡ ಅಪರಾಧ.

ಕ್ಯಾಂಡಿಯಿಂದ ಮೇಲೆ ಚಹಾ ತೋಟಗಳು. ಮೊದಲು ಅಲ್ಲಿದ್ದುದು ಕಾಫಿ. 1869ರಿಂದ ಎಲೆತುಕ್ಕು ರೋಗ ಹಬ್ಬಿ ಕಾಫಿ ನಾಶವಾಯಿತು. 1867ರಲ್ಲೇ ಜೇಮ್ಸ್ ಟೇಲರ್ ಎಂಬಾತ ಲೂಲ್‌ಕಂದುರ ತೋಟದಲ್ಲಿ ನೆಟ್ಟಿದ್ದ ಚಹಾ ಆ ಜಾಗವನ್ನು ಹಿಡಿಯಿತು. ದುಡಿಯಲು ತಮಿಳುನಾಡಿನಿಂದ ಕರೆತಂದ ಕೂಲಿಗಳ ಸಂತತಿಯವರು ಈಗಲೂ ಅಲ್ಲಿದ್ದಾರೆ. ಸ್ವಾತಂತ್ರ್ಯ ಬಂದ 1948ರಲ್ಲೇ ಬಂದ ಪೌರತ್ವ ಕಾನೂನು ಇವರಲ್ಲಿ ಹೆಚ್ಚಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಲ್ಲಿ 5 ಲಕ್ಷ 25 ಸಾವಿರ ಮಂದಿಯನ್ನು ಭಾರತಕ್ಕೆ, 3 ಲಕ್ಷ ಮಂದಿಯನ್ನು ಲಂಕೆಗೆ ಎಂದು ಹಂಚಿದರು.

ಇದು ನಮಗೆ ಸಂಬಂಧವಿಲ್ಲದ ಕಥೆಯಲ್ಲ. ಹಾಗೆ ಬಂದವರಲ್ಲಿ ಕೆಲವರಿಗೆ ನೀಲಗಿರಿಯ ಚಹಾ ತೋಟಗಳಲ್ಲಿ ಕೆಲಸ ಸಿಕ್ಕಿತು. ಇನ್ನು ಕೆಲವರನ್ನು ನಮ್ಮ ಗಡಿಯಾಚೆಯೇ ಇರುವ ಸುಳ್ಯ, ಪುತ್ತೂರು ತಾಲೂಕುಗಳಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ತಮಿಳು ಮಾತಾಡುವವರನ್ನು ನಾವೆಲ್ಲ ಕಂಡಿದ್ದೇವೆ. ಅವರ ಹಿರಿಯರು ಬಿಟ್ಟು ಬಂದ ಬೆಟ್ಟ ಯಾವುದೆಂದು ಕೇಳಿದವರು ಎಷ್ಟು ಮಂದಿ? ಆ ಬೆಟ್ಟವನ್ನು ರೈಲಿನ ಕಿಟಕಿಯಿಂದ ಚಂದವೆಂದು ನೋಡಿ ಹೋಗದೆ, ಒಂದು ದಿನ ತೋಟದಲ್ಲೇ ಇಳಿಯುವುದೆಂದು ನಾವು ಬರೆದುಕೊಂಡಿದ್ದೇವೆ.

ಎಂಟು, ಒಂಬತ್ತು, ಹತ್ತನೆಯ ದಿನಗಳು ಒಣಸೀಮೆಗೆ. ದಂಬುಳ್ಳದ ಗುಹೆಗಳು, ಐದನೆಯ ಶತಮಾನದಲ್ಲಿ ಕಾಶ್ಯಪ ಅರಸ ಕೋಟೆ ಮಾಡಿಕೊಂಡ ಸಿಗಿರಿಯ ಬಂಡೆ, ಪೊಲೊನ್ನರುವ, ಅನುರಾಧಪುರ. ಸಿಗಿರಿಯವನ್ನು ಬೆಳಗ್ಗೆ ಬಿಸಿಲೇರುವ ಮೊದಲೇ ಹತ್ತಬೇಕು. ಸಾವಿರಕ್ಕೂ ಮಿಕ್ಕಿದ ಮೆಟ್ಟಲು, ಮೊಣಕಾಲು ನೋವಿನವರು ಕೆಳಗಿನ ತೋಟ ನೋಡಿ ಕುಳಿತರೆ ಲೇಸು. ಅನುರಾಧಪುರದಲ್ಲಿ ಅಶೋಕನ ಮಗಳು ಸಂಘಮಿತ್ರೆ ತಂದ ಬೋಧಿವೃಕ್ಷದ ಶಾಖೆಯಿಂದ ಬೆಳೆದ ಮರ ಇಂದಿಗೂ ಪೂಜೆಗೊಳ್ಳುತ್ತಿದೆ.

ಆದರೆ ಕೃಷಿಕರಾದ ನಾವು ಮರೆಯದೆ ನೋಡಬೇಕಾದ್ದು ಅಲ್ಲಿಯ ಕೆರೆಗಳನ್ನು. ಮಳೆ ಕಡಿಮೆಯಿರುವ ಆ ನೆಲದಲ್ಲಿ ಒಂದರ ಕೆಳಗೊಂದು ಕೆರೆ ಕಟ್ಟಿ, ತೂಬಿನ ಬಳಿ ಕಲ್ಲಿನ ಚೌಕದ ಬಾವಿ ಮಾಡಿ ನೀರಿನ ರಭಸವನ್ನು ಹಿಡಿತದಲ್ಲಿಡುವ ವಿದ್ಯೆ ಅವರಿಗೆ ಬಹಳ ಹಿಂದೆಯೇ ತಿಳಿದಿತ್ತು. 12ನೆಯ ಶತಮಾನದ ಪರಾಕ್ರಮಬಾಹು ಕಟ್ಟಿಸಿದ ಕೆರೆಗೆ ಸಮುದ್ರವೆಂದೇ ಹೆಸರು. ಗುಡ್ಡ ಕೊರೆದು ಸುರಂಗದಿಂದ ನೀರು ತಂದ ನಮ್ಮ ಹಿರಿಯರು ಆ ಏರಿಯ ಮೇಲೆ ನಿಂತಿದ್ದರೆ ಕೈಮುಗಿಯುತ್ತಿದ್ದರು. ತೆಂಗಿನವರಿಗೆ ಇನ್ನೊಂದು ಮಾತು: ಕೊಲಂಬೊದ ಉತ್ತರಕ್ಕೆ ಲುಣುವಿಲದಲ್ಲಿ 1929ರಿಂದ ತೆಂಗು ಸಂಶೋಧನಾ ಸಂಸ್ಥೆಯಿದೆ. 1916ರಲ್ಲಿ ಮೊದಲಾದ ನಮ್ಮ ಕಾಸರಗೋಡಿನ ಕೇಂದ್ರಕ್ಕೆ ಅದು ತಂಗಿಯಿದ್ದಂತೆ.

ಜಾಫ್ನಾ ಯಾಕೆ?

ಹನ್ನೊಂದು, ಹನ್ನೆರಡನೆಯ ದಿನ ಜಾಫ್ನಾ. ಅನುರಾಧಪುರದಿಂದ ರೈಲು ಉಂಟು; ಯುದ್ಧದಲ್ಲಿ ಕಿತ್ತುಹೋದ ಹಳಿಯನ್ನು ಮತ್ತೆ ಹಾಕಿ 2014ರ ಅಕ್ಟೋಬರಿನಲ್ಲಿ ಜಾಫ್ನಾಕ್ಕೆ ಗಾಡಿ ಓಡಿಸಿದರು. ನಲ್ಲೂರು ದೇವಸ್ಥಾನದಲ್ಲಿ ಗಂಡಸರು ಅಂಗಿ ತೆಗೆದೇ ಒಳಹೋಗಬೇಕು, ನಮ್ಮಲ್ಲಿಯಂತೆಯೇ.

ಅಲ್ಲಿ ನಾವು ಅರ್ಧ ದಿನವನ್ನು ಮೀಸಲಿಟ್ಟದ್ದು ಸಾರ್ವಜನಿಕ ಗ್ರಂಥಾಲಯಕ್ಕೆ. 1981ರ ಮೇ 31ರ ರಾತ್ರಿ ಅದಕ್ಕೆ ಬೆಂಕಿ ಹಚ್ಚಿದರು. ಸುಮಾರು 97 ಸಾವಿರ ಪುಸ್ತಕಗಳು, ತಾಳೆಗರಿಗಳು ಬೂದಿಯಾದವು. 1983ರ ಜುಲೈ ಗಲಭೆಯಲ್ಲಿ ಕೊಲಂಬೊದಲ್ಲಿ ತಮಿಳರ ಮನೆಗಳು ಉರಿದವು. ಅಲ್ಲಿಂದ 2009ರ ಮೇ ತಿಂಗಳವರೆಗೆ ಯುದ್ಧ. ಇದಕ್ಕೆಲ್ಲ ಕಾರಣ ಭಾಷೆಯೊಂದೇ ಎಂದರೆ ತಪ್ಪಾದೀತು. ಆದರೆ 1956ರ ಕಾನೂನಿನಿಂದ ಸರಕಾರಿ ಕೆಲಸಕ್ಕೂ ಅರ್ಜಿಗೂ ತನ್ನ ಭಾಷೆ ಸಲ್ಲದೆಂದು ಒಂದು ಜನಕ್ಕೆ ಅನ್ನಿಸಿದ ದಿನ, ಮೊದಲ ಬಿರುಕು ಬಿಟ್ಟದ್ದಂತೂ ನಿಜ. ತಮಿಳನ್ನೂ ರಾಜ್ಯಭಾಷೆಯೆಂದು ಸಂವಿಧಾನದಲ್ಲಿ ಸೇರಿಸಿದ್ದು 1987ರಲ್ಲಿ. ಮೂವತ್ತೊಂದು ವರ್ಷ ತಡವಾಗಿ.

ಅದೇ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮದನ್ನು ಅವರದಕ್ಕೆ ಹೋಲಿಸಬಾರದು. ನಾವು ಮನವಿ ಕೊಟ್ಟೆವು, ಆಯೋಗದ ಮುಂದೆ ಹೇಳಿಕೊಂಡೆವು, ಕೋರ್ಟಿಗೆ ಹೋದೆವು, ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕೆಂದು ಇವತ್ತಿಗೂ ಕೇಳುತ್ತಿದ್ದೇವೆ. ನೆರೆಮನೆಯ ಮಲಯಾಳಿಯೊಡನೆ ನಮಗೆ ಜಗಳವಿಲ್ಲ. ಮದುವೆಗೆ ಅವರು ಬರುತ್ತಾರೆ, ಅವರಲ್ಲಿಗೆ ನಾವು ಹೋಗುತ್ತೇವೆ. ಈ ನೆಮ್ಮದಿ ಎಷ್ಟು ದೊಡ್ಡದೆಂದು ತಿಳಿಯಲು, ಹಾಗೆಯೇ ಸಣ್ಣ ಅನ್ಯಾಯಗಳನ್ನು ಸಣ್ಣದಿರುವಾಗಲೇ ಸರಿಪಡಿಸಬೇಕಾದ್ದು ಯಾಕೆಂದು ತಿಳಿಯಲು, ಆ ಗ್ರಂಥಾಲಯದ ಮೆಟ್ಟಲು ಹತ್ತಬೇಕು. ಅದನ್ನು ಮತ್ತೆ ಕಟ್ಟಿದ್ದಾರೆ. ಒಳಗೆ ಮಕ್ಕಳು ಕುಳಿತು ಓದುತ್ತಾರೆ.

ಇಷ್ಟು ಹೇಳಿಯಾದ ಮೇಲೆ ಬೆಂತೋಟದ ಪರವಾಗಿದ್ದವರು ಮಾತಾಡದೆ ಪೆನ್ಸಿಲು ತೆಗೆದುಕೊಂಡು ಆ ಹೆಸರಿನ ಮೇಲೆ ಗೀಟು ಹಾಕಿದರು.

ಕೊನೆಗೆ ಸಣ್ಣ ಮಾತುಗಳು

ರೈಲು ನಿಲ್ದಾಣದ ಫಲಕಗಳು ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಇರುತ್ತವೆ. ಸಿಂಹಳ ಲಿಪಿ ನಮ್ಮದರಂತೆ ಗುಂಡಗೆ. ಓದಬಹುದೇನೋ ಎಂದು ತೋರಿ ಮೋಸವಾಗುತ್ತದೆ. ಆದರೆ ಮಾತು ಪೂರ್ತಿ ಪರಕೀಯವಲ್ಲ: ನಮಸ್ಕಾರಕ್ಕೆ ಆಯುಬೋವನ್, ಅದರಲ್ಲಿ ನಮ್ಮ ಆಯುಸ್ಸು ಇದೆ, ಉಪಕಾರಕ್ಕೆ ಸ್ತುತಿ. ಮಲಯಾಳ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಬೆಟ್ಟದಲ್ಲೂ ಉತ್ತರದಲ್ಲೂ ತಮಿಳು ಅರ್ಧ ತಿಳಿಯುತ್ತದೆ. ಎರಡು ಭಾಷೆಯ ನಡುವೆ ಬಾಳಿದ್ದಕ್ಕೆ ಇದೊಂದು ಲಾಭ.

ಊಟಕ್ಕೆ ಕಷ್ಟವಿಲ್ಲ. ಆಪ್ಪ, ಪಿಟ್ಟು, ಒತ್ತುಶ್ಯಾವಿಗೆ, ಗುಜ್ಜೆ ಪಲ್ಯ, ಎಮ್ಮೆ ಮೊಸರಿನ ಮೇಲೆ ಬೈನೆ ಬೆಲ್ಲದ ಪಾಕ. ಸಸ್ಯಾಹಾರಿಗಳು ಒಂದು ಜಾಗ್ರತೆ ವಹಿಸಬೇಕು: ತೆಂಗಿನಕಾಯಿ ಚಟ್ನಿಯಂತೆ ಕಾಣುವ ಸಂಬೋಲದಲ್ಲಿ ಒಣಮೀನಿನ ಪುಡಿ ಇರುವುದುಂಟು, ಕೇಳಿಯೇ ಬಡಿಸಿಕೊಳ್ಳಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ವೀಸಾದ ನಿಯಮ, ಶುಲ್ಕಗಳು ಪದೇ ಪದೇ ಬದಲಾಗಿರುವುದರಿಂದ ಟಿಕೇಟು ತೆಗೆಯುವ ಮೊದಲು ಸರಕಾರದ ಪ್ರಕಟಣೆಯನ್ನೇ ನೋಡಬೇಕು. ಪುರಾತನ ತಾಣಗಳ ಪ್ರವೇಶ ಶುಲ್ಕ ವಿದೇಶಿಯರಿಗೆ ಹೆಚ್ಚು. ಸಾರ್ಕ್ ದೇಶದವರಿಗೆ ರಿಯಾಯಿತಿಯಿದೆಯೇ ಎಂದು ಪಾಸ್‌ಪೋರ್ಟು ತೋರಿಸಿ ವಿಚಾರಿಸಬೇಕು. ವಿಹಾರಗಳಲ್ಲಿ ಚಪ್ಪಲಿ ಬಿಟ್ಟು ಸುಡುವ ಕಲ್ಲಿನ ಮೇಲೆ ನಡೆಯಬೇಕಾಗುವುದರಿಂದ ಹಿರಿಯರಿಗೆ ಒಂದು ಜೊತೆ ಕಾಲುಚೀಲ ಇರಲಿ.

ಹನ್ನೆರಡು ದಿನದಲ್ಲಿ ಎಲ್ಲವನ್ನೂ ನೋಡಲಾಗದು. ತ್ರಿಂಕೋಮಲೆಯ ಕೋಣೇಶ್ವರ, ನಾಲ್ಕು ಮತದವರೂ ಹತ್ತುವ ಶ್ರೀಪಾದ ಬೆಟ್ಟ ನಮ್ಮ ಪಟ್ಟಿಯಿಂದ ಹೊರಗುಳಿದಿವೆ. ಇನ್ನೊಂದು ಸಲಕ್ಕೆ ಇರಲಿ. ನಮಗಿಂತ ಮೊದಲು ಹೊರಡುವವರಿದ್ದರೆ ಸಂತೋಷ. ಬಂದ ಮೇಲೆ ಬೆಟ್ಟದ ರೈಲು ಎಲ್ಲಿಯ ತನಕ ಓಡುತ್ತಿದೆಯೆಂದು ಈ ಪತ್ರಿಕೆಗೆ ನಾಲ್ಕು ಸಾಲು ಬರೆದು ತಿಳಿಸಿದರೆ, ಹಿಂದಿನಿಂದ ಬರುವ ನಮಗೂ ಉಪಕಾರವಾದೀತು.